ಲಿಫ್ಟಿನ ನೆತ್ತಿಯ ಮೇಲೆ ನಿಲ್ಲುವ ಅಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿದೆ. ಬಾಗಿಲ ಹಿಂದೆ ಇರಬೇಕಾದ ಲಿಫ್ಟ್ ಇಲ್ಲ. ಇರುವುದು ಎಣ್ಣೆ, ಧೂಳು, ಕಬ್ಬಿಣದ ವಾಸನೆಯ ಒಂದು ಕತ್ತಲ ಬಾವಿ. ಆ ಬಾವಿಯೊಳಗೆ ಎದೆಮಟ್ಟಕ್ಕೆ ಕಾಣುವಂತೆ ಒಬ್ಬ ಹೆಂಗಸು ನಿಂತಿದ್ದಾರೆ. ನೀಲಿ ಅಂಗಿ, ಹಳದಿ ಟೋಪಿ, ಟೋಪಿಗೆ ಕಟ್ಟಿದ ಪುಟ್ಟ ದೀಪ. ಅವರು ನಿಂತಿರುವುದು ಲಿಫ್ಟಿನ ನೆತ್ತಿಯ ಮೇಲೆ. ನಾನು ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗೋಡೆಗೆ ಬೆನ್ನು ಆನಿಸಿ ನಿಂತಿದ್ದೇನೆ. ಎರಡು ಹೆಜ್ಜೆ ಹಿಂದೆ ನಿಲ್ಲಿ ಎಂದು ಹೇಳಿದ್ದು ಅವರು. ಉಳಿದೆರಡು ನನ್ನ ಪುಕ್ಕಲುತನ ಸೇರಿಸಿಕೊಂಡದ್ದು.

"ಮೇಲೆ, ನಿಧಾನ" ಎನ್ನುತ್ತಾರೆ ಅವರು, ಭುಜಕ್ಕೆ ಸಿಕ್ಕಿಸಿಕೊಂಡ ವಾಕಿಟಾಕಿಗೆ.

"ಮೇಲೆ, ನಿಧಾನ" ಎಂದು ಅದರೊಳಗಿಂದ ಒಂದು ಮುದಿ ಗಂಟಲು ಹಾಗೆಯೇ ತಿರುಗಿ ಹೇಳುತ್ತದೆ. ಆಮೇಲಷ್ಟೇ ಉಕ್ಕಿನ ಹಗ್ಗಗಳು ಅಲುಗಿ, ಆಕೆ ಒಂದು ಗೇಣು ಮೇಲೆ ಬರುತ್ತಾರೆ.

"ನಿಲ್ಸಿ."

"ನಿಲ್ಸಿದೀನಿ."

ಇದು ಹಳೆಯ ಲಿಫ್ಟ್. ಅದರ ನೆತ್ತಿಯ ಮೇಲೆ ನಿಲ್ಲಿಸುವ ಗುಂಡಿ ಇದೆಯೇ ಹೊರತು ಓಡಿಸುವ ಗುಂಡಿ ಇಲ್ಲ. ಓಡಿಸುವುದೇನಿದ್ದರೂ ಕಟ್ಟಡದ ತುತ್ತತುದಿಯಲ್ಲಿ, ಮೋಟಾರು ಇರುವ ಕೋಣೆಯಿಂದ. ಇವರೆಲ್ಲ ಅದನ್ನು 'ಮೇಲಿನ ಕೋಣೆ' ಎನ್ನುತ್ತಾರೆ. ಅಲ್ಲಿ ಒಬ್ಬರು, ಇಲ್ಲಿ ಒಬ್ಬರು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಹೇಳಿದ ಮಾತನ್ನು ಮೇಲಿನವರು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಹೇಳದೆ ಏನನ್ನೂ ಮುಟ್ಟಬಾರದು. ನಿಲ್ಲಿಸಿ ಎಂದಾಗ ಮಾತ್ರ ಮೊದಲು ನಿಲ್ಲಿಸಿ, ಆಮೇಲೆ ನಿಲ್ಲಿಸಿದ್ದೇನೆ ಎನ್ನಬೇಕು. ಬರೀ "ಹೂಂ" ಅಂದರೆ ಅದು ಉತ್ತರವೇ ಅಲ್ಲ.

"ಹೂಂ ಅನ್ನೋದು ಮನೇಲಿ ಗಂಡ ಪೇಪರ್ ಓದ್ಕೊಂಡು ಹೇಳೋ ಮಾತು ಸಾರ್, ಕೇಳಿಸ್ಕೊಂಡಿದಾರೆ ಅಂತ ಗ್ಯಾರಂಟಿ ಏನು?" ಎನ್ನುತ್ತಾರೆ ಆಕೆ, ಬಾಗಿಲ ಮೇಲಿನ ಜಾರುಪಟ್ಟಿಯ ಕೊಳೆ ಒರೆಸುತ್ತ. ಮೇಲಿನ ಕೋಣೆಯಿಂದ ಮುದಿ ಗಂಟಲು ಕೆಮ್ಮಿ ನಗುತ್ತದೆ.

ಈ ಆಸ್ಪತ್ರೆಯ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಆಕೆಯನ್ನು ಕರೆಯುವುದು 'ಲಿಫ್ಟಕ್ಕ' ಎಂದು. ನಿಜವಾದ ಹೆಸರು ಕೇಳಿದರೆ ನಾಲ್ಕು ಜನ ನಾಲ್ಕು ಹೆಸರು ಹೇಳಿದರು. ಆಕೆಗೂ ಅದರ ಬಗ್ಗೆ ಬೇಸರವಿಲ್ಲ. ವಯಸ್ಸು ನಲವತ್ತೈದರ ಹತ್ತಿರ. ಈ ಆಸ್ಪತ್ರೆ, ಪಕ್ಕದ ಗ್ರಂಥಾಲಯ, ಒಂದಷ್ಟು ವಸತಿ ಕಟ್ಟಡಗಳು, ಒಂದು ಪೀಠೋಪಕರಣದ ಗೋದಾಮು, ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಲಿಫ್ಟುಗಳು ಆಕೆಯ ಮತ್ತು ಮೇಲಿನ ಕೋಣೆಯ ಆ ಹಿರಿಯರ ಪಾಲಿಗಿವೆ. ಆ ಹಿರಿಯರನ್ನು ಇಡೀ ಕಂಪನಿ 'ಮಾಮ' ಎನ್ನುತ್ತದೆ. ಆಸ್ಪತ್ರೆಯ ಕೆಲಸವನ್ನು ಜನ ಬರುವ ಮುಂಚೆಯೇ ಮುಗಿಸಬೇಕು, ಆಮೇಲೆ ಸ್ಟ್ರೆಚರ್‌ಗಳು ಸಾಲುಗಟ್ಟುತ್ತವೆ.

ಲಿಫ್ಟ್ ಸರಿಯಿದ್ದಷ್ಟು ದಿನ ಅದಕ್ಕೊಬ್ಬ ಮೆಕ್ಯಾನಿಕ್ ಇದ್ದಾರೆಂದು ಯಾರಿಗೂ ನೆನಪಾಗುವುದಿಲ್ಲ. ನೆನಪಾಗುವುದು ನಡುವೆ ಸಿಕ್ಕಿಹಾಕಿಕೊಂಡಾಗ. ಒಮ್ಮೆ ವಸತಿ ಕಟ್ಟಡವೊಂದರಲ್ಲಿ ಹಾಗೆ ಸಿಕ್ಕಿಕೊಂಡ ಹಿರಿಯರೊಬ್ಬರು, ಬಾಗಿಲು ತೆರೆದ ಈಕೆಯನ್ನು ನೋಡಿ "ಮೆಕ್ಯಾನಿಕ್ ಎಲ್ಲಮ್ಮಾ?" ಎಂದರಂತೆ.

"ನಾನೇ ಸಾರ್ ಅಂದೆ. ಅಲ್ಲ, ಗಂಡಸ್ರು ಯಾರೂ ಬರಲಿಲ್ವಾ ಅಂದ್ರು. ಬರ್ತಾರೆ ಸಾರ್, ಅಲ್ಲೀತನಕ ಒಳಗೇ ಇರ್ತೀರಾ, ಬಾಗಿಲು ಹಾಕ್ಲಾ ಅಂದೆ. ಅಪ್ಪಾ, ಆ ವಯಸ್ಸಲ್ಲೂ ಎಷ್ಟು ಚೆನ್ನಾಗಿ ನೆಗೆದ್ರು ಅಂತೀರಿ!"

ಅವರ ನಗು ಲಿಫ್ಟಿನ ಬಾವಿಯೊಳಗೆ ಇಳಿದು ತಳಮಹಡಿಯವರೆಗೂ ಹೋಗುತ್ತದೆ. ನನಗೂ ನಗು ಬರುತ್ತದೆ, ಆದರೆ ಗೋಡೆ ಬಿಟ್ಟು ಕದಲುವ ಧೈರ್ಯ ಮಾತ್ರ ಬರುವುದಿಲ್ಲ.

ನಾನು ಈಕೆಯ ಬಗ್ಗೆ ಬರೆಯಬೇಕೆಂದು ಬಂದದ್ದು ಹೆಂಗಸೊಬ್ಬರು ಲಿಫ್ಟ್ ರಿಪೇರಿ ಮಾಡುತ್ತಾರೆಂಬ ಬೆರಗಿಗೆ. ಎರಡು ದಿನ ಅವರ ಹಿಂದೆ ಸುತ್ತಿದ ಮೇಲೆ ಗೊತ್ತಾದದ್ದು, ಕಥೆ ಅದಲ್ಲ. ಕಥೆ ಇರುವುದು ಮೇಲಿನ ಕೋಣೆಯಲ್ಲಿ. ಮಾಮ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಬರಲು ಹಂಬಲಿಸುತ್ತಿರುವವರು ಇನ್ನಾರೂ ಅಲ್ಲ, ಲಿಫ್ಟಕ್ಕನ ಗಂಡ. ಅವರು ಲಿಫ್ಟ್ ಕೆಲಸಕ್ಕೆ ಹೊಸಬರೂ ಅಲ್ಲ, ಹೆಂಡತಿಗಿಂತ ಮೊದಲೇ ಇಪ್ಪತ್ತು ವರ್ಷ ಅದನ್ನೇ ಮಾಡಿದವರು. ಮೇಲ್ವಿಚಾರಕರು ಲಿಫ್ಟಕ್ಕನನ್ನೇ ಕರೆದು, "ಹಳೇ ಕೈ ಅಲ್ವಾ, ನೀವು ಹೂಂ ಅಂದ್ರೆ ಹಾಗೇ ತಗೊಂಡ್ಬಿಡ್ತೀವಿ" ಎಂದಿದ್ದರು.

ಲಿಫ್ಟಕ್ಕ ಹೂಂ ಅನ್ನಲಿಲ್ಲ.

"ತರಬೇತಿ ಮುಗಿಸಿ ಪಾಸಾಗಿ ಬರ್ಲಿ, ಆಮೇಲೆ ನೋಡೋಣ ಅಂದೆ. ಗಂಡ ಆದ್ರೇನು ಸಾರ್, ಮೇಲಿನ ಕೋಣೆ ಮೇಲಿನ ಕೋಣೇನೇ. ಅಲ್ಲಿರೋರ ಕೈಯಲ್ಲಿ ನನ್ನ ಜೀವ ಇರುತ್ತೆ."

ಮನೆಯಲ್ಲಿ ಅದರ ಬಿಸಿ ಹೇಗಿತ್ತೆಂದು ಕೇಳಿದರೆ, "ಒಂದು ವಾರ ಇವರು ನನ್ನ ಜೊತೆ ಮಾತೇ ಆಡ್ಲಿಲ್ಲ. ಮನೆ ಎಷ್ಟು ಶಾಂತವಾಗಿತ್ತು ಗೊತ್ತಾ!" ಎಂದು ಕಣ್ಣು ಮಿಟುಕಿಸುತ್ತಾರೆ. ನಗುವಿನ ಹಿಂದೆ ಆ ವಾರ ಅಷ್ಟು ಸುಲಭದ್ದಾಗಿರಲಿಲ್ಲವೆಂದು ಗೊತ್ತಾಗುತ್ತದೆ.

ಅವರ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟಕ್ಕನ ಮನೆಯಿರುವ ಕಟ್ಟಡಕ್ಕೆ ಲಿಫ್ಟಿಲ್ಲ ಎಂಬುದನ್ನು ಅವರ ಅತ್ತೆ, ಬಂದವರಿಗೆಲ್ಲ ನೀರು ಕೊಡುವ ಮುಂಚೆಯೇ ಹೇಳಿಬಿಡುತ್ತಾರೆ. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ, ಕಿಟಕಿಗೆ ಒಣಹಾಕಿದ ನೀಲಿ ಅಂಗಿಗಳು ಈಗ ಎರಡು ಅಳತೆಯವು, ಆಕೆಯದೂ ತರಬೇತಿಗೆ ಹೋಗುವ ಗಂಡನದೂ. ಅತ್ತೆಗೆ ಮಂಡಿನೋವು, ಅವರ ಮಗನಿಗೆ, ಅಂದರೆ ಲಿಫ್ಟಕ್ಕನ ಗಂಡನಿಗೆ, ಬಲಗಾಲು ಕುಂಟು. "ಇಡೀ ಊರನ್ನ ಮೇಲೆ ಕೆಳಗೆ ಮಾಡ್ತಾಳೆ, ನಾವು ಮಾತ್ರ ಮೆಟ್ಟಿಲು ಎಣಿಸ್ಕೊಂಡು ಸಾಯ್ಬೇಕು" ಎಂದು ಗೊಣಗುವ ಅತ್ತೆಯ ದನಿಯಲ್ಲಿ ಸೊಸೆಯ ಬಗ್ಗೆ ಹೆಮ್ಮೆಯೇ ಹೆಚ್ಚು.

ಗಂಡ ಮೃದು ಮಾತಿನ ಮನುಷ್ಯ, ಐವತ್ತಕ್ಕೆ ಒಂದೆರಡು ವರ್ಷ ಕಡಿಮೆ. ಕುಳಿತಲ್ಲೇ ಕಾಲು ತೋರಿಸಿದರು. ಬಲಪಾದದಲ್ಲಿ ಹೆಬ್ಬೆರಳೊಂದೇ ಉಳಿದಿದೆ. ಅದರ ಕಥೆಯನ್ನು ಅವರೇ ಹೇಳಲಿ ಎಂದು ಕಾದೆ. ಹೇಳಿದರು.

ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿಕೊಂಡಾಗ ಮಾತ್ರ ಅದರ ಮೂಲೆಯಲ್ಲಿ ಎರಡು ತಗಡುಗಳು ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದರೆ ಕರೆಂಟು ಹರಿಯುತ್ತದೆ, ಹರಿದರೆ ಲಿಫ್ಟ್ ಕದಲುತ್ತದೆ. ಬಾಗಿಲು ತೆರೆದಿದ್ದರೆ ಕದಲುವುದಿಲ್ಲ. ಆ ತಗಡು ಕೆಟ್ಟಾಗ, ಎಲ್ಲಿ ಕೆಟ್ಟಿದೆ ಎಂದು ಹುಡುಕಲು ಮೆಕ್ಯಾನಿಕ್‌ಗಳು ಅದರ ಎರಡು ತುದಿಗೂ ಒಂದು ತುಂಡು ವೈರು ಸಿಕ್ಕಿಸುತ್ತಾರೆ. ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ಒಂದು ಸುಳ್ಳು ಹೇಳಿದ ಹಾಗೆ. ಆಸ್ಪತ್ರೆಯಲ್ಲಿ ಬಾಗಿಲು ತೆರೆದಿದ್ದರೂ ಲಿಫ್ಟಕ್ಕ ಒಂದು ಗೇಣು ಮೇಲೆ ಬಂದದ್ದು ಇಂಥ ವೈರಿನಿಂದಲೇ. ಕೆಲಸ ಮುಗಿದ ಕೂಡಲೇ ಆ ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕು.

"ಅವತ್ತು ವೈರು ಸಿಕ್ಸಿದ್ದೆ. ಅಷ್ಟ್ರಲ್ಲಿ ಇನ್ನೊಂದು ಕಡೆಯಿಂದ ಫೋನು, ಯಾರೋ ಸಿಕ್ಕಾಕೊಂಡಿದಾರೆ ಬಾ ಅಂತ. ಹೋದೆ. ವೈರು ಅಲ್ಲೇ ಉಳೀತು. ಮಧ್ಯಾಹ್ನ ವಾಪಸ್ ಬಂದು ಅದೇ ಲಿಫ್ಟಿಂದ ಹೊರಗೆ ಕಾಲಿಟ್ಟೆ. ಬಾಗಿಲು ತೆರೆದೇ ಇತ್ತು. ಲಿಫ್ಟು ಹೊರಟುಬಿಡ್ತು." ತೋರಿಸಿದ ಕಾಲನ್ನು ಮಡಿಸಿಕೊಂಡರು. "ನನ್ನ ಕಾಲೇ ಆಯ್ತಲ್ಲ, ಪುಣ್ಯ. ನನ್ನ ಹಿಂದೆ ಮಗು ಎತ್ಕೊಂಡು ಒಬ್ರು ಇದ್ರು."

ಆಸ್ಪತ್ರೆಯಲ್ಲಿ ಮಲಗಿದ್ದ ಗಂಡನನ್ನು ಆಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ಏನು ತಪ್ಪಾಯ್ತು? ಅವರು ಗೋಡೆ ಕಡೆ ತಿರುಗಿ, "ಗ್ರಹಚಾರ ಕಣೇ" ಎಂದರಂತೆ.

ಲಿಫ್ಟಕ್ಕನಿಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಆಗ ಅವರು ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸದಲ್ಲಿದ್ದರು, ಲಿಫ್ಟಿನ ಗಂಧಗಾಳಿ ಗೊತ್ತಿರಲಿಲ್ಲ. ಯಾರೋ ಹೇಳಿದರೆಂದು ಊರ ಆ ತುದಿಯ ತರಬೇತಿ ಕೇಂದ್ರಕ್ಕೆ ಬಸ್ಸು ಹತ್ತಿ ಹೋದರು. ಅಲ್ಲಿಯ ಮೇಷ್ಟ್ರು ಮೇಜಿನ ಮೇಲೆ ಒಂದು ಬಲ್ಬು, ಒಂದು ಬ್ಯಾಟರಿ, ಒಂದು ಸ್ವಿಚ್ಚು ಇಟ್ಟು, ಸ್ವಿಚ್ಚಿನ ಎರಡು ತುದಿಗೆ ವೈರು ಮುಟ್ಟಿಸಿ ತೋರಿಸಿದರು. ಸ್ವಿಚ್ಚು ಆರಿದ್ದರೂ ಬಲ್ಬು ಉರಿಯಿತು.

"ಅಷ್ಟೇ ಸಾರ್. ಒಂದು ಲೋಟ ಟೀ ಕುಡಿಯೋ ಹೊತ್ತಲ್ಲಿ ಅರ್ಥ ಆಗೋಯ್ತು. ಗ್ರಹಚಾರ ಅಲ್ಲ, ಒಂದು ಗೇಣು ವೈರು. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ! ಇಷ್ಟು ಸಣ್ಣ ವಿಷ್ಯಾನ ಇವ್ರಿಗೆ ಇಪ್ಪತ್ತು ವರ್ಷ ಯಾರೂ ಹೇಳ್ಕೊಡ್ಲಿಲ್ವಲ್ಲ ಅಂತ. ವೈರು ಸಿಕ್ಸೋದು ಹೇಳ್ಕೊಟ್ರು, ಬಿಚ್ಚೋದು ಹೇಳ್ಕೊಡ್ಲಿಲ್ಲ. ಆ ಮೇಷ್ಟ್ರನ್ನೇ ಕೇಳ್ದೆ, ನಾನು ಸೇರ್ಬಹುದಾ ಅಂತ."

ಸೇರಿದರು. ಹಗಲು ತರಬೇತಿ, ಸಂಜೆ ಕಾರ್ಖಾನೆಯ ಪಾಳಿ, ಎರಡು ವರ್ಷ. ಮನೆಯನ್ನೂ ಗಾಯಾಳು ಮಗನನ್ನೂ ಅತ್ತೆ ನೋಡಿಕೊಂಡರು. ತರಗತಿಯಲ್ಲಿ ಉಳಿದವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು. ಮೊದಲ ತಿಂಗಳು ಲಿಫ್ಟನ್ನು ಮುಟ್ಟಲೂ ಬಿಡಲಿಲ್ಲ. ಒಂದು ಕಬ್ಬಿಣದ ತುಂಡು ಕೊಟ್ಟು, ಅರದಿಂದ ಉಜ್ಜಿ ಚೌಕ ಮಾಡಿ ಎಂದರು. ಅಂಚಿಗೆ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟೂ ಬೆಳಕು ಕಾಣಬಾರದು. ಕಂಡರೆ ಮತ್ತೆ ಉಜ್ಜು. ಅಂಗೈ ಬೊಬ್ಬೆ ಎದ್ದು, ಇದಕ್ಕೂ ಲಿಫ್ಟಿಗೂ ಏನು ಸಂಬಂಧ ಎಂದು ಕೇಳಿದಾಗ ಮೇಷ್ಟ್ರು ಹೇಳಿದ್ದು: "ಲಿಫ್ಟಿಗೆ ಸಂಬಂಧ ಇಲ್ಲಮ್ಮ, ನಿಮಗೆ ಸಂಬಂಧ. ಇಷ್ಟಾದರೆ ಸಾಕು ಅನ್ನೋ ಬುದ್ಧಿ ಇದೆಯಲ್ಲ, ಅದನ್ನ ಉಜ್ಜಬೇಕು."

ಇಂಥ ಕೈಕೆಲಸದ ತರಬೇತಿ ಎಂದರೆ ನಾವು ಮೂಗು ಮುರಿಯುವವರೇ ಹೆಚ್ಚು. ಓದು ತಲೆಗೆ ಹತ್ತದವರು ಹೋಗುವ ಜಾಗ ಎಂದು ತಲೆತಲಾಂತರದಿಂದ ನಂಬಿದ್ದೇವೆ. ಇನ್ನೊಂದು ಕಡೆ, ಹತ್ತು ವರ್ಷ ಕೈಯಾಡಿಸಿದರೆ ತಾನಾಗಿ ಬರುತ್ತದೆ, ಅದಕ್ಕೆ ಪಾಠ ಬೇರೆ ಯಾಕೆ ಎನ್ನುವವರೂ ಇದ್ದಾರೆ. ಎರಡು ಮಾತೂ ಆಡಿದವನು ನಾನೇ, ಬೇರೆಯವರ ಹೆಸರು ಯಾಕೆ ಹೇಳಲಿ! ಲಿಫ್ಟಕ್ಕನನ್ನು ಕೇಳಿದೆ, ಆ ಎರಡು ವರ್ಷ ನಿಮಗೆ ಕೊಟ್ಟದ್ದೇನು?

ಅವರು ಉತ್ತರಕ್ಕೆ ತಡಕಾಡಲಿಲ್ಲ. "ಮೊದಲ್ನೇದು, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತೆ, ಪೆಟ್ಟು ಬಿದ್ರೆ ಕಂಪನಿ ನೋಡ್ಕೊಳುತ್ತೆ. ಇವ್ರಿಗೆ ಪೆಟ್ಟು ಬಿದ್ದಾಗ ಕಂಟ್ರಾಕ್ಟರು ಒಂದು ಡಜನ್ ಬಾಳೆಹಣ್ಣು ತಂದ್ಕೊಟ್ಟು ಹೋದ, ಮತ್ತೆ ಮುಖ ತೋರಿಸ್ಲಿಲ್ಲ. ಎರಡ್ನೇದು, ಬಿಸ್ಕತ್ತು ಕಾರ್ಖಾನೆ ಮುಚ್ಚಿದಾಗ ನನ್ ಜೊತೆಯೋರೆಲ್ಲ ಬೀದಿಗೆ ಬಂದ್ರು. ಇದು ಹಾಗಲ್ಲ. ಲಿಫ್ಟ್ ಇರೋ ಕಡೆ ಎಲ್ಲಾದ್ರೂ ಹೋಗಿ ನಿಂತ್ರೆ ಅನ್ನ ಹುಟ್ಟುತ್ತೆ. ಕಲ್ತಿದ್ದನ್ನ ಯಾರೂ ಬೀಗ ಹಾಕ್ಕೊಂಡು ಹೋಗಲ್ಲ." ಸ್ವಲ್ಪ ಯೋಚಿಸಿದರು. "ಇನ್ನೊಂದಿದೆ. ಮುಂಚೆ ಏನಾದ್ರೂ ಕೆಟ್ರೆ ಯಾರನ್ನ ಬೈಯೋದು ಅಂತ ನೋಡ್ತಿದ್ದೆ. ಈಗ ಯಾಕೆ ಕೆಡ್ತು ಅಂತ ನೋಡ್ತೀನಿ. ಮನೇಲೂ ಅಷ್ಟೇ."

"ಸುಳ್ಳು, ಮನೇಲಿ ಬೈಯೋದೇ" ಎಂದು ಅಡುಗೆಮನೆಯಿಂದ ಅತ್ತೆ ಕೂಗಿದರು.

ಆ ಮೇಷ್ಟ್ರನ್ನೂ ನೋಡಿಬಂದೆ. ಅವರ ಕಾರ್ಯಾಗಾರದ ಗೋಡೆಗೆ ಒಂದು ಸಾಲು ಮೊಳೆ, ಪ್ರತಿ ಮೊಳೆಗೂ ಮೊಳದುದ್ದದ ಕೆಂಪು ವೈರು. ಅಲ್ಲಿ ಒಂದು ಕಟ್ಟಳೆಯಿದೆ: ಬಾಗಿಲಿನ ತಗಡಿಗೆ ಸಿಕ್ಕಿಸುವ ವೈರು ಕೆಂಪಗಿರಬೇಕು, ಉದ್ದವಿರಬೇಕು, ಮತ್ತು ಅದರ ನಡುವಿಗೆ ನಿಮ್ಮ ಮನೆಯ ಬೀಗದ ಕೈ ಕಟ್ಟಿರಬೇಕು. ವೈರು ಬಿಚ್ಚದೆ ಹೋದರೆ ಆ ದಿನ ಮನೆಯೊಳಗೆ ಕಾಲಿಡುವಂತಿಲ್ಲ. ನೆನಪಿನ ಶಕ್ತಿಯನ್ನು ನಂಬಬೇಡಿ, ಅದು ಊಟದ ಹೊತ್ತಿಗೆ ಕೈಕೊಡುತ್ತದೆ ಎನ್ನುವುದು ಮೇಷ್ಟ್ರ ವಾದ.

"ಈ ವೈರಿನ ವಿಷಯ ಅವರ ಯಜಮಾನರಿಗೆ ನಾನು ಹೇಳಬೇಕಾಗಿಲ್ಲ" ಎಂದರು ಮೇಷ್ಟ್ರು. "ಪೆಟ್ಟು ತಿಂದ ಪಾಠಕ್ಕೆ ಮೇಷ್ಟ್ರು ಬೇಡ. ಅದು ಸತ್ತರೂ ಮರೆಯಲ್ಲ. ಇನ್ನೂ ಪೆಟ್ಟು ಕೊಡದೇ ಇರೋ ಪಾಠಗಳಿವೆಯಲ್ಲ, ಅವಕ್ಕೇ ನಮ್ಮಂಥವರು ಇರೋದು. ಇಪ್ಪತ್ತು ವರ್ಷ ಮಾಡಿದ ಕೈಗೆ ಅವನ್ನ ಕಲಿಸೋದು ಹೊಸಬರಿಗಿಂತ ಕಷ್ಟ. ಏನೂ ಆಗಿಲ್ಲವಲ್ಲ ಸಾರ್ ಅಂತಾರೆ. ನಿಜ, ಏನೂ ಆಗಿಲ್ಲ."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಂಡನನ್ನು ಓಣಿಯವರು ಕಾಡಿದ್ದುಂಟು. ಅಷ್ಟಾದರೂ ಅವರು ಕಳೆದ ವರ್ಷ ಸಂಜೆ ತರಗತಿಗೆ ಸೇರಿಯೇಬಿಟ್ಟರು. ಅನುಭವಸ್ಥರಿಗೆ ಅಲ್ಲಿ ಒಂದು ವರ್ಷದ ಪಾಠ. ಕಬ್ಬಿಣದ ತುಂಡನ್ನು ಅವರೂ ಉಜ್ಜಿದರು. ನಕ್ಷೆ ಓದಲು ಕನ್ನಡಕ ಮಾಡಿಸಿಕೊಂಡರು. ಮನೆಯಲ್ಲಿ ಗಂಡ ಹೆಂಡತಿ ಮೇಲಿನ ಕೋಣೆಯ ಮಾತನ್ನು ಅಭ್ಯಾಸ ಮಾಡಿದರು. "ಒಲೆ ಆರಿಸಿ" ಎಂದು ಆಕೆ, "ಒಲೆ ಆರಿಸಿದೀನಿ" ಎಂದು ಇವರು. ನಡುವೆ ಅತ್ತೆ ಬಂದು "ಇಬ್ರಿಗೂ ತಲೆ ಕೆಟ್ಟಿದೆ" ಎಂದಾಗ ಇಬ್ಬರೂ ಒಟ್ಟಿಗೆ "ತಲೆ ಕೆಟ್ಟಿದೆ" ಎಂದು ತಿರುಗಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಪರೀಕ್ಷೆಯ ಹಿಂದಿನ ದಿನ ಲಿಫ್ಟಕ್ಕ ಬೆಳಗಿನ ಕೆಲಸ ಮುಗಿಸಿ ಆಸ್ಪತ್ರೆಯ ಹಿಂಬದಿ ಮೆಟ್ಟಿಲ ಮೇಲೆ ಕೂತಿದ್ದರು. ಮಾಮ ಟೀ ತರಲು ಹೋಗಿದ್ದರು. ಯಜಮಾನರು ಪಾಸಾದರೆ ಈ ತಿಂಗಳ ಕೊನೆಗೇ ಮೇಲಿನ ಕೋಣೆಗೆ ಬರುತ್ತಾರಲ್ಲ, ಖುಷಿಯೇ ಎಂದು ಕೇಳಿದೆ. ಆ ಹೊತ್ತಿಗೆ ಅವರು ತಮಾಷೆ ಮಾಡಲಿಲ್ಲ.

"ನಿಜ ಹೇಳ್ಲಾ? ನಂಗೆ ಭಯ ಇದೆ. ಇವ್ರು ಒಳ್ಳೇ ಕೆಲ್ಸಗಾರ. ಮೋಟಾರ್ ಸದ್ದು ಕೇಳಿ ಏನಾಗಿದೆ ಅಂತ ಹೇಳ್ತಾರೆ, ಆ ಕಿವಿ ನಂಗಿಲ್ಲ. ಆದ್ರೆ ಬೇಗ ಮುಗ್ಸೋ ಚಟ ಇದೆಯಲ್ಲ, ಅದು ಹೋಗಿದ್ಯೋ ಇಲ್ವೋ ಗೊತ್ತಿಲ್ಲ. ಮಾಮ ಮೇಲಿದ್ರೆ ನಾನು ಕೆಳಗೆ ನಿಶ್ಚಿಂತೆಯಾಗಿ ಇರ್ತೀನಿ. ಗಂಡ ಮೇಲಿದ್ರೆ ಇರ್ತೀನಾ? ಇದನ್ನ ಅವ್ರಿಗೆ ಬಾಯಿಬಿಟ್ಟು ಹೇಳೋಕಾಗುತ್ತಾ ಹೇಳಿ? ಪಾಸಾಗಿ ಬನ್ನಿ ಅಂದೆ. ಪಾಸಾದ್ರೆ ಭಯ ಹೋಗುತ್ತೆ ಅಂತಲ್ಲ, ಹೇಳೋಕೆ ಬೇರೆ ಮಾತಿರ್ಲಿಲ್ಲ."

ಹೇಳಿ ಎದ್ದುಬಿಟ್ಟರು. ಅಷ್ಟು ಹೇಳಿದ್ದೇ ಹೆಚ್ಚಾಯಿತು ಎನ್ನಿಸಿರಬೇಕು.

ಪರೀಕ್ಷೆಯ ದಿನ ಲಿಫ್ಟಕ್ಕನಿಗೆ ರಜೆ ಸಿಗುವುದಿಲ್ಲ, ಗೋದಾಮಿನ ಲಿಫ್ಟ್ ನಿಂತಿದೆ. ಹಾಗಾಗಿ ತರಬೇತಿ ಕೇಂದ್ರದ ತೆರೆದ ಬಾಗಿಲ ಬಳಿಯ ಬೆಂಚಿನ ಮೇಲೆ ಕಾಯುತ್ತಿರುವವರು ನಾನು ಮತ್ತು ಅತ್ತೆ. ಅತ್ತೆ ಮೆಟ್ಟಿಲಿಳಿದು, ಬಸ್ಸು ಹತ್ತಿ, ಊಟದ ಡಬ್ಬಿ ಹಿಡಿದುಕೊಂಡು ಬಂದಿದ್ದಾರೆ. ಒಳಗೆ ಎರಡೇ ಮಹಡಿಯ ಒಂದು ಅಭ್ಯಾಸದ ಲಿಫ್ಟ್. ಬೇರೆ ಊರಿನಿಂದ ಬಂದ ಪರೀಕ್ಷಕರು ಅದರಲ್ಲಿ ಬೇಕೆಂದೇ ಒಂದು ದೋಷ ಮಾಡಿಟ್ಟಿದ್ದಾರೆ. ಹುಡುಕಿ ಸರಿಪಡಿಸಬೇಕು.

ಗಂಡ ಒಮ್ಮೆ ಗುಂಡಿ ಒತ್ತಿ, ತಲೆ ಓರೆ ಮಾಡಿ ಕಿವಿಗೊಡುತ್ತಾರೆ. ಟಕ್ ಎಂಬ ಸದ್ದು ಎಲ್ಲಿಯವರೆಗೆ ಬಂದು ನಿಂತಿತೆಂದು ಅವರಿಗೆ ತಿಳಿದುಹೋಗಿದೆ, ಮುಖವೇ ಹೇಳುತ್ತದೆ. ಕೆಂಪು ವೈರು ಸಿಕ್ಕಿಸಿ ಮೇಲಿನ ಬಾಗಿಲಿನ ತಗಡೇ ತಪ್ಪಿತಸ್ಥ ಎಂದು ಖಚಿತ ಮಾಡಿಕೊಳ್ಳುತ್ತಾರೆ. ವೈರು ಬಿಚ್ಚಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಮೇನ್ ಸ್ವಿಚ್ ಆರಿಸಿ, ಅದಕ್ಕೆ ತಮ್ಮ ಬೀಗ ಜಡಿದು, 'ಕೆಲಸ ನಡೆಯುತ್ತಿದೆ' ಎಂಬ ಫಲಕ ತೂಗುಹಾಕುತ್ತಾರೆ. ಕುಂಟುತ್ತ ಏಣಿ ಹತ್ತಿ ತಗಡಿಗೆ ಕೈ ಹಾಕುತ್ತಾರೆ. ಉಜ್ಜಿ, ತಿರುಪು ಬಿಗಿದು, ಇಳಿದು ಬಂದು, ಬೀಗ ತೆಗೆದು ಸ್ವಿಚ್ ಹಾಕಿ, ಲಿಫ್ಟ್ ಓಡಿಸಿ ತೋರಿಸುತ್ತಾರೆ. ಉಳಿದ ಅಭ್ಯರ್ಥಿಗಳು ತೆಗೆದುಕೊಂಡ ಸಮಯದ ಅರ್ಧವೂ ಆಗಿಲ್ಲ.

"ಚೆನ್ನಾಗಿ ಮಾಡಿದ್ರಿ, ಹೊರಡಿ" ಎಂದು ಪರೀಕ್ಷಕರು ಕೈಕುಲುಕುತ್ತಾರೆ. ನನ್ನ ಪಕ್ಕ ಅತ್ತೆ ಡಬ್ಬಿಯ ಮುಚ್ಚಳ ತೆರೆಯುತ್ತಾರೆ.

ಗಂಡ ಬಾಗಿಲವರೆಗೆ ಬರುತ್ತಾರೆ. ಹೊಸ್ತಿಲ ಹತ್ತಿರ ನಿಲ್ಲುತ್ತಾರೆ. ತಮ್ಮ ಜೇಬಿನ ಕಡೆ ನೋಡಿಕೊಳ್ಳುತ್ತಾರೆ. ಅಲ್ಲಿ ಟೆಸ್ಟರ್ ಇದೆ, ಬೆಳಿಗ್ಗೆ ಸಿಕ್ಕಿಸಿಕೊಂಡ ಹಾಗೆಯೇ. ನಂತರ ತಿರುಗಿ ಒಳಗೆ ಹೋಗುತ್ತಾರೆ.

"ಸಾರ್, ಸ್ವಿಚ್ ಆರಿಸಿದ ಮೇಲೆ ನಾನು ಟೆಸ್ಟರ್ ಹಚ್ಚಿ ನೋಡ್ಲಿಲ್ಲ. ಹಾಗೇ ಕೈ ಹಾಕ್ಬಿಟ್ಟೆ."

ಸ್ವಿಚ್ ಆರಿಸಿದರೂ ಒಂದೊಂದು ಲಿಫ್ಟಿನಲ್ಲಿ ಬೇರೆ ದಾರಿಯಿಂದ ಕರೆಂಟು ಬರುತ್ತಿರುತ್ತದೆ. ಅದಕ್ಕೇ ಮುಟ್ಟುವ ಮುಂಚೆ ಟೆಸ್ಟರ್ ಹಚ್ಚಿ ನೋಡಲೇಬೇಕೆಂಬ ನಿಯಮ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವರಿಗೆ ಕರೆಂಟು ಹಾಗೆ ಹೊಡೆದಿರಲಿಲ್ಲ.

ಪರೀಕ್ಷಕರು ತಲೆಯೆತ್ತುತ್ತಾರೆ. "ನಾನು ನೋಡಲಿಲ್ಲವಲ್ಲ. ಆ ಹೊತ್ತಿಗೆ ಬರೀತಿದ್ದೆ."

"ನಾನು ನೋಡ್ದೆ ಸಾರ್."

ಪರೀಕ್ಷಕರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಕೆಟ್ಟ ಮನುಷ್ಯರಲ್ಲ, ಅವರ ಮುಖವೂ ಬಾಡಿತು. ಸುರಕ್ಷತೆಯ ಒಂದು ಹೆಜ್ಜೆ ತಪ್ಪಿದರೂ ಅನುತ್ತೀರ್ಣ ಎಂಬುದು ನಿಯಮ, ಗೊತ್ತಾದ ಮೇಲೆ ಗೊತ್ತಿಲ್ಲ ಎನ್ನಲಾಗದು. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು. ಮೇಷ್ಟ್ರು ಮೂಲೆಯಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು, ಒರೆಸುವುದು ಮುಗಿಯಲೇ ಇಲ್ಲ.

ಬಸ್ಸಿನಲ್ಲಿ ಅತ್ತೆ ಡಬ್ಬಿಯ ಮುಚ್ಚಳ ಮತ್ತೆ ಬಿಗಿದು ಮಡಿಲಲ್ಲಿಟ್ಟುಕೊಂಡರು. ಮನೆಯ ಮೆಟ್ಟಿಲು ಹತ್ತುವಾಗ ಅತ್ತೆಯ ಸಹನೆಯ ಕಟ್ಟೆಯೊಡೆಯಿತು. "ಯಾರೂ ಕುಂಬಳಕಾಯಿ ಕಳ್ಳ ಅನ್ಲೇ ಇಲ್ಲ, ನೀನಾಗೇ ಹೋಗಿ ಹೆಗಲು ತೋರಿಸ್ಬಂದ್ಯಲ್ಲೋ! ಒಂದು ನಿಮಿಷ ಬಾಯಿ ಮುಚ್ಕೊಂಡು ಹೊರಗೆ ಬರೋಕೆ ಏನಾಗಿತ್ತು ನಿಂಗೆ? ಅವಳಿಗೆ ಏನಂತ ಹೇಳ್ತೀಯ ಈಗ?" ಪ್ರತಿ ಮಹಡಿಗೂ ನಿಂತು ಉಸಿರು ತೆಗೆದುಕೊಂಡು ಬೈದರು. ಮಗ ಅವರ ಕೈ ಹಿಡಿದು ಹತ್ತಿಸಿದರು.

ಲಿಫ್ಟಕ್ಕ ಬಂದಾಗ ದೀಪ ಹಚ್ಚುವ ಹೊತ್ತು. ಮೂವರ ಮುಖ ನೋಡಿಯೇ ಅರ್ಥವಾಯಿತು ಅವರಿಗೆ. ಟೋಪಿ ಮೊಳೆಗೆ ಸಿಕ್ಕಿಸಿ, ಕೈಯ ಜಿಡ್ಡು ತೊಳೆಯಲು ನಲ್ಲಿಯ ಮುಂದೆ ನಿಂತರು. ಗಂಡ ನಡೆದದ್ದನ್ನೆಲ್ಲ ಅವರ ಬೆನ್ನಿಗೇ ಹೇಳಿದರು. ಸೋಪಿನ ಪುಡಿ ಹಾಕಿ ಒಂದೊಂದೇ ಬೆರಳು ತಿಕ್ಕುತ್ತ ಅವರು ಕೇಳಿಸಿಕೊಂಡರು. ನನಗೆ ಅಲ್ಲಿಂದ ಎದ್ದುಹೋಗಬೇಕೆನ್ನಿಸಿತು, ಆದರೆ ಬಾಗಿಲಿಗೆ ಅಡ್ಡವಾಗಿ ಅತ್ತೆ ಕೂತಿದ್ದರು.

"ಯಾರೂ ನೋಡಿರ್ಲಿಲ್ವಾ?" ಎಂದು ಕೇಳಿದರು, ತಿರುಗದೆ.

"ಇಲ್ಲ."

"ಮತ್ತ್ಯಾಕೆ ಹೇಳಿದ್ರಿ?"

ಗಂಡ ತಮ್ಮ ಕಾಲು ನೋಡಿಕೊಂಡರು. "ಮೇಲಿನ ಕೋಣೇಲೂ ಯಾರೂ ನೋಡಲ್ವಲ್ಲೇ. ಅಲ್ಲಿ ನಾನೊಬ್ನೇ ಇರ್ತೀನಿ. ಕೆಳಗೆ ನೀನಿರ್ತೀಯ."

ನಲ್ಲಿ ಸುರಿಯುತ್ತಲೇ ಇತ್ತು. ಅತ್ತೆ ಬೈಯುವುದನ್ನು ಮರೆತು ಸೊಸೆಯ ಕಡೆ ನೋಡಿದರು. ಲಿಫ್ಟಕ್ಕ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡು, ಗಂಡನ ಪಕ್ಕ ಬಂದು ಕೂತರು. ಕಣ್ಣು ಕೆಂಪಗಿತ್ತು. ಸೋಪಿನ ಪುಡಿ ಎಂದರು, ನಾವೂ ನಂಬಿದೆವು.

ನಾನು ಹೊರಡುವಾಗ ಲಿಫ್ಟಕ್ಕ ಕೆಳಗಿನವರೆಗೂ ಬಂದರು. ಮಾಮನ ಜಾಗಕ್ಕೆ ಇನ್ನು ಬೇರೆ ಯಾರಾದರೂ ಬರುತ್ತಾರಲ್ಲ ಎಂದೆ, ಅದನ್ನು ಹೇಳಲು ನನಗೇ ಸಂಕಟವಾಯಿತು.

"ಬರಬಹುದು" ಎಂದರು. "ನಾಳೆ ನಾನೇ ಮೇಲ್ವಿಚಾರಕರ ಹತ್ರ ಹೋಗ್ತೀನಿ. ಅವ್ರಾಗಿ ಕೇಳಿದಾಗ ಹೂಂ ಅನ್ನದೇ ಇದ್ದೋಳು, ಈಗ ನಾನಾಗೇ ಹೋಗಿ ಕೇಳ್ತೀನಿ. ಮೂರು ತಿಂಗ್ಳು ಯಾರನ್ನಾದ್ರೂ ಹಾಕ್ಕೊಳ್ಳಿ, ಆಮೇಲೆ ಆ ಕೋಣೆ ನನ್ನ ಯಜಮಾನ್ರಿಗೇ ಕೊಡಿ ಅಂತ. ಕೊಡ್ತಾರೋ ಬಿಡ್ತಾರೋ, ಅದು ಅವ್ರಿಗೆ ಬಿಟ್ಟಿದ್ದು. ಕೇಳೋಕೆ ಮಾತ್ರ ಈಗ ನಂಗೆ ಭಯ ಇಲ್ಲ."